ರಾಬರ್ಟ್ ಮೆಕ್ಯಾರಿಸನ್: ಕೂನೂರಿನಲ್ಲಿ ಊಟದ ತಟ್ಟೆಯನ್ನು ಪರೀಕ್ಷಿಸಿದ ವೈದ್ಯ

ಗೂಡಲೂರು, ಮಸಿನಗುಡಿ, ಉದಕಮಂಡಲದ ಶಾಲೆಗಳಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಕೂನೂರಿನ ಸಿಮ್ಸ್ ಪಾರ್ಕ್ ಸಾಮಾನ್ಯವಾಗಿ ತಪ್ಪುವುದಿಲ್ಲ. ಉದ್ಯಾನದ ಹೊರಗೆ ಬಸ್ಸಿಗಾಗಿ ಕಾಯುವಾಗ ಎದುರಿಗೆ ಪಾಶ್ಚರ್ ಸಂಸ್ಥೆಯ ಕಟ್ಟಡ ಕಾಣುತ್ತದೆ. ಹುಚ್ಚುನಾಯಿ ಕಡಿತಕ್ಕೆ ಅಲ್ಲಿ ಔಷಧ ತಯಾರಾಗುತ್ತಿತ್ತೆಂದು ನಾವು ಶಿಕ್ಷಕರು ಮಕ್ಕಳಿಗೆ ಹೇಳಿ ಮುಗಿಸುತ್ತೇವೆ. 1907ರಲ್ಲಿ ಆರಂಭವಾದ ಆ ಸಂಸ್ಥೆಯ ಆಶ್ರಯದಲ್ಲಿಯೇ ಒಬ್ಬ ವೈದ್ಯರು ಪಾರಿವಾಳ, ಕೋತಿ, ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಬಡಿಸಿ, ಯಾವ ಊಟ ಯಾವ ಅಂಗವನ್ನು ಕೆಡಿಸುತ್ತದೆಂದು ವರ್ಷಗಟ್ಟಲೆ ಪರಿಶೀಲಿಸಿದರು. ಆ ಊಟಗಳ ಸಾಲಿನಲ್ಲಿ ಕನ್ನಡಿಗರ ಊಟವೂ ಇತ್ತು. ಅದನ್ನು ನಾನು ಮಕ್ಕಳಿಗೆ ಬಹುಕಾಲ ಹೇಳಿರಲಿಲ್ಲ, ಏಕೆಂದರೆ ನನಗೇ ತಿಳಿದಿರಲಿಲ್ಲ.

ಆ ವೈದ್ಯರು ರಾಬರ್ಟ್ ಮೆಕ್ಯಾರಿಸನ್. 1878ರ ಮಾರ್ಚ್ 15ರಂದು ಐರ್ಲೆಂಡಿನ ಉತ್ತರಭಾಗದ ಪೋರ್ಟಡೌನ್ ಎಂಬ ಪಟ್ಟಣದಲ್ಲಿ ಜನಿಸಿದರು. ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1900ರಲ್ಲಿ ಉನ್ನತ ಶ್ರೇಣಿಯಲ್ಲಿ ಉತ್ತೀರ್ಣರಾದರು. ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ 1901ರಲ್ಲಿ ಭಾರತಕ್ಕೆ ಹೊರಟಾಗ ಅವರಿಗೆ 23 ವರ್ಷ. ಮೊದಲ ನೇಮಕ ವಾಯವ್ಯ ಗಡಿಯ ಚಿತ್ರಾಲ್‌ನಲ್ಲಿ, ಸೈನಿಕರ ವೈದ್ಯರಾಗಿ. ಅಲ್ಲಿ ಮೂರು ದಿನ ಕಾಡಿ ಬಿಟ್ಟುಹೋಗುವ ಒಂದು ಜ್ವರವನ್ನು ಅಧ್ಯಯನಮಾಡಿ, ಮರಳುನೊಣ ಅದನ್ನು ಹರಡುತ್ತಿರಬಹುದೆಂದು ಅವರು ಸಂಶಯಪಟ್ಟರು. ಆ ಸಂಶಯ ಮುಂದೆ ನಿಜವೆಂದು ತಿಳಿಯಿತು.

ಅನಂತರ ಗಿಲ್ಗಿತ್‌ನಲ್ಲಿ ಹಲವು ವರ್ಷ ಕಳೆದರು. ಒಂದೇ ಹೊಳೆಯ ದಂಡೆಯ ಹಳ್ಳಿಗಳಲ್ಲಿ, ಕೆಳಕ್ಕೆ ಇಳಿದಂತೆ ಕೊರಳು ಊದಿಕೊಂಡವರ ಸಂಖ್ಯೆ ಹೆಚ್ಚುತ್ತಿರುವುದನ್ನು ಅವರು ಲೆಕ್ಕಹಾಕಿದರು. ಗಳಗಂಡಕ್ಕೆ ನೀರಿನಲ್ಲಿರುವ ಕಶ್ಮಲ ಕಾರಣವೇ ಎಂಬುದನ್ನು ಪರೀಕ್ಷಿಸಲು ಆ ನೀರಿನ ಗಸಿಯನ್ನು ತಾವೂ ಕುಡಿದು, ಒಪ್ಪಿದ ಕೆಲವರಿಗೂ ಕುಡಿಸಿದರು. ತಮ್ಮ ಕೊರಳೇ ಊದಿಕೊಳ್ಳುವವರೆಗೆ ಪ್ರಯೋಗವನ್ನು ಮುಂದುವರಿಸಿದ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಅವರ ತೀರ್ಮಾನ ಅರ್ಧ ಮಾತ್ರ ಸರಿಯಾಗಿತ್ತು. ಅಯೋಡಿನ್ ಕೊರತೆಯೇ ಮುಖ್ಯ ಕಾರಣವೆಂಬುದು ಅನಂತರ ಸ್ಥಿರಪಟ್ಟಿತು. ಇಂದು ನಮ್ಮ ಅಡುಗೆಮನೆಯ ಉಪ್ಪಿನಲ್ಲಿ ಅಯೋಡಿನ್ ಸೇರಿರುವುದು ಅದೇ ಕಾರಣಕ್ಕೆ.

ಗಿಲ್ಗಿತ್‌ನ ಆಚೆಯ ಹುಂಜಾ ಕಣಿವೆಯ ಜನರ ಗಟ್ಟಿಮುಟ್ಟಾದ ಶರೀರ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ನೆಟ್ಟಿತು. ಇವರ ಆರೋಗ್ಯಕ್ಕೆ ಹವೆ ಕಾರಣವೋ, ವಂಶ ಕಾರಣವೋ, ಆಹಾರ ಕಾರಣವೋ? ಮುಂದೆ ಕೆಲವು ಲೇಖಕರು ಹುಂಜಾ ಜನರಿಗೆ ರೋಗವೇ ಇಲ್ಲ, ನೂರು ದಾಟಿ ಬದುಕುತ್ತಾರೆ ಎಂದೆಲ್ಲ ಉತ್ಪ್ರೇಕ್ಷಿಸಿದರು. ಆ ಕಟ್ಟುಕಥೆಗಳು ಈಗಲೂ ಮೊಬೈಲಿನಲ್ಲಿ ಹರಿದಾಡುತ್ತವೆ. ಮೆಕ್ಯಾರಿಸನ್ ಅವರ ನಿಜವಾದ ಕೊಡುಗೆ ಆ ಕಣಿವೆಯಿಂದ ಬಂದುದಲ್ಲ, ನಮ್ಮ ಬೆಟ್ಟದಿಂದ ಬಂದುದು.

ಮೊದಲ ಮಹಾಯುದ್ಧ ಅವರ ಸಂಶೋಧನೆಗೆ ಅಡ್ಡಬಂದಿತು. 1918ರಲ್ಲಿ ಕೂನೂರಿಗೆ ಬಂದು ಪಾಶ್ಚರ್ ಸಂಸ್ಥೆಯಲ್ಲಿ ಬೆರಿಬೆರಿ ರೋಗದ ಶೋಧಕ್ಕೆ ಕುಳಿತರು. ದೊರೆತ ಸೌಕರ್ಯ ಅತ್ಯಲ್ಪ. ನುಣುಪು ಮಾಡಿದ ಅಕ್ಕಿಯನ್ನಷ್ಟೇ ತಿಂದ ಪಾರಿವಾಳಗಳ ನರಗಳು ಸೋತು ಕುತ್ತಿಗೆ ತಿರುಚಿಕೊಳ್ಳುತ್ತಿದ್ದವು. ಇದು ಆಗಲೇ ತಿಳಿದ ವಿಷಯ. ಮೆಕ್ಯಾರಿಸನ್ ಅವರು ಮುಂದೆ ಹೋಗಿ, ಸತ್ತ ಹಕ್ಕಿಯ ಪ್ರತಿಯೊಂದು ಅಂಗವನ್ನೂ ತೂಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೊರತೆಯ ಆಹಾರ ತಿಂದ ಕೋತಿಗಳ ಕರುಳನ್ನೂ ಹೀಗೆಯೇ ಪರೀಕ್ಷಿಸಿದರು. ರೋಗಕ್ಕೆ ಹೆಸರು ಬರುವ ಮೊದಲೇ, ಹೊರಗೆ ಯಾವ ಲಕ್ಷಣವೂ ತೋರದ ಕಾಲದಲ್ಲಿಯೇ, ಒಳಗಿನ ಅಂಗಗಳು ಕೆಡುತ್ತಿರುತ್ತವೆ ಎಂಬುದು ಅವರಿಗೆ ಮನದಟ್ಟಾಯಿತು. ಅನಾರೋಗ್ಯದಿಂದ 1920ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ಆಕ್ಸ್‌ಫರ್ಡ್‌ನಲ್ಲಿ ಕೆಲಸ ಮುಂದುವರಿಸಿ, ಮರುವರ್ಷ ಕೊರತೆಯ ರೋಗಗಳ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು.

ಅಕ್ಕಿಯ ವಿಷಯವನ್ನು ಗಡಿನಾಡಿನ ನಾವು ಇನ್ನಷ್ಟು ಹತ್ತಿರದಿಂದ ತಿಳಿಯಬಲ್ಲೆವು. ಅಂದಿನ ಮದ್ರಾಸ್ ಪ್ರಾಂತದಲ್ಲಿ ಬಹುಪಾಲು ಎಲ್ಲೆಡೆ ಅನ್ನವೇ ಮುಖ್ಯ ಆಹಾರವಾಗಿದ್ದರೂ ಬೆರಿಬೆರಿ ಹೆಚ್ಚಾಗಿ ಕಾಣುತ್ತಿದ್ದುದು ಆಂಧ್ರದ ಉತ್ತರ ಕರಾವಳಿಯಲ್ಲಿ. ನಾರಿಸ್ ಎಂಬ ರಸಾಯನ ವಿಜ್ಞಾನಿಯೊಡನೆ ಮೆಕ್ಯಾರಿಸನ್ ಅವರು 1924ರಲ್ಲಿ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧದ ಬಗ್ಗೆ ವಿಸ್ತಾರವಾದ ವರದಿಯನ್ನು ಪ್ರಕಟಿಸಿದರು. ಬತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದಾಗ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದು ಭಾಗ ಕಾಳಿನೊಳಕ್ಕೆ ಇಳಿಯುತ್ತದೆ. ಹಸಿ ಬತ್ತವನ್ನು ಗಿರಣಿಯಲ್ಲಿ ಬೆಳ್ಳಗೆ ಮಾಡಿದರೆ ಅದು ತೌಡಿನೊಂದಿಗೆ ಹೊರಟುಹೋಗುತ್ತದೆ. ಕಾಸರಗೋಡಿನ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿ ಉಣ್ಣುವ ಅಜ್ಜಿಗೆ ಈ ಶಾಸ್ತ್ರ ತಿಳಿದಿರಲಿಲ್ಲ, ರಕ್ಷಣೆ ಮಾತ್ರ ದೊರೆತಿತ್ತು.

ಕೆಲಸ ಹೀಗೆ ಸಾಗಿರುವಾಗಲೇ ಸರಕಾರದ ಕತ್ತರಿ ಬಿದ್ದಿತು. ಯುದ್ಧಾನಂತರದ ಖರ್ಚು ಕಡಿತಕ್ಕಾಗಿ ಲಾರ್ಡ್ ಇಂಚ್‌ಕೇಪ್ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ, 1923ರಲ್ಲಿ ಕೂನೂರಿನ ಆಹಾರ ಸಂಶೋಧನೆಯೇ ನಿಂತುಹೋಯಿತು. ಕೋಟ್ಯಂತರ ಜನ ಅರೆಹೊಟ್ಟೆಯಲ್ಲಿದ್ದ ದೇಶದಲ್ಲಿ, ಅರೆಹೊಟ್ಟೆ ದೇಹಕ್ಕೆ ಏನು ಮಾಡುತ್ತದೆಂದು ನೋಡುತ್ತಿದ್ದ ಒಂದು ಪುಟ್ಟ ಪ್ರಯೋಗಾಲಯ ದುಬಾರಿಯೆನಿಸಿತು. ಒಬ್ಬ ಶಿಕ್ಷಕ ಸಾಕೆಂದು ಕನ್ನಡ ತರಗತಿಗಳನ್ನು ಕೂಡಿಸುವ ಲೆಕ್ಕಾಚಾರವನ್ನು ಕಂಡಿರುವ ನನಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಎರಡು ವರ್ಷಗಳ ಬಳಿಕ, 1925ರಲ್ಲಿ, ಕೆಲಸ ಮತ್ತೆ ಆರಂಭವಾಯಿತು. ಆ ದಶಕದ ಕೊನೆಗೆ ಅದು ಪೌಷ್ಟಿಕಾಹಾರ ಸಂಶೋಧನಾ ಪ್ರಯೋಗಾಲಯವೆಂಬ ಹೆಸರು ಪಡೆಯಿತು. ಮೆಕ್ಯಾರಿಸನ್ ಅವರೇ ಅದರ ಮೊದಲ ನಿರ್ದೇಶಕರಾದರು.

ಇಲಿಗಳ ಪ್ರಖ್ಯಾತ ಪ್ರಯೋಗಗಳು ಈ ಅವಧಿಯವು. ಆರೋಗ್ಯವಂತ ಬಿಳಿ ಇಲಿಗಳ ಒಂದು ಸಂತತಿಯನ್ನು ಅವರು ಸಾಕಿದರು. ಗೋಧಿ ಚಪಾತಿ, ಬೆಣ್ಣೆ, ಹಾಲು, ಮೊಳಕೆ ಕಾಳು, ಹಸಿ ಕ್ಯಾರೆಟ್, ಕೋಸು, ವಾರಕ್ಕೊಮ್ಮೆ ಸ್ವಲ್ಪ ಮಾಂಸ ಅವುಗಳ ಆಹಾರ. ಗೂಡುಗಳಿಗೆ ಬಿಸಿಲು, ಗಾಳಿ, ಶುದ್ಧ ನೀರು ದೊರೆಯುತ್ತಿದ್ದವು. ಈ ಸಂತತಿಯ 1189 ಇಲಿಗಳಲ್ಲಿ ಎರಡೂಕಾಲು ವರ್ಷಗಳ ಕಾಲ ಗಮನಾರ್ಹ ರೋಗವೇ ಕಾಣಿಸಲಿಲ್ಲ. ಕೊರತೆಯ ಆಹಾರ ತಿಂದ 2243 ಇಲಿಗಳನ್ನು ಕೊಯ್ದು ನೋಡಿದಾಗ ಶ್ವಾಸಕೋಶ, ಜಠರ, ಕರುಳು, ಚರ್ಮ, ಕಣ್ಣು, ಮೂತ್ರಪಿಂಡ, ಎಲ್ಲೆಡೆಯೂ ರೋಗಗಳ ಸಾಲು. ಗೂಡು, ನೀರು, ಬಿಸಿಲು ಎರಡೂ ಕಡೆ ಸಮಾನವಾಗಿದ್ದುದರಿಂದ ವ್ಯತ್ಯಾಸ ಉಳಿದದ್ದು ಆಹಾರದಲ್ಲಿ ಮಾತ್ರ. ಬಿಳಿ ಬ್ರೆಡ್ಡು, ಮಾರ್ಗರೀನ್, ಸಿಹಿ ಚಹಾ, ಡಬ್ಬಿಯ ಮಾಂಸ, ಜಾಮ್ ಸೇರಿದ ಇಂಗ್ಲೆಂಡಿನ ಬಡವರ ಊಟವನ್ನೂ ಒಂದು ಗುಂಪಿಗೆ ಬಡಿಸಿದರು. ಆ ಇಲಿಗಳು ಕುಗ್ಗಿದವು, ಕೊನೆಗೆ ತಮ್ಮಲ್ಲಿನ ದುರ್ಬಲರನ್ನೇ ಕೊಂದು ತಿನ್ನತೊಡಗಿದವು. ಆಳುವವರ ನಾಡಿನ ತಟ್ಟೆಯನ್ನೂ ಅವರು ಬಿಡಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಕನ್ನಡಿಗರ ಊಟದ ಪ್ರಸಂಗ. ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ದೇಶದ ಏಳು ಜನಸಮುದಾಯಗಳ ಊಟವನ್ನು ಕೊಟ್ಟರು. ಸಿಖ್ಖರ ಊಟ ತಿಂದ ಇಲಿಗಳ ಸರಾಸರಿ ತೂಕ 235 ಗ್ರಾಂಗೆ ಏರಿತು. ಬಳಿಕ ಪಠಾಣ, ಮರಾಠ, ಗೂರ್ಖಾ. ಐದನೆಯ ಸ್ಥಾನದಲ್ಲಿ ಕನ್ನಡಿಗರ ಊಟ, 185 ಗ್ರಾಂ. ಅನಂತರ ಬಂಗಾಳ. ಕೊನೆಗೆ 155 ಗ್ರಾಂನೊಡನೆ ಮದ್ರಾಸಿನ ಊಟ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಮೊದಲು ನಕ್ಕರು, ಬಳಿಕ ತುಸು ಮುನಿಸಿಕೊಂಡರು. ನನ್ನ ಅಭಿಪ್ರಾಯದಲ್ಲಿ ಈ ಪಟ್ಟಿಯನ್ನು ಎಚ್ಚರಿಕೆಯಿಂದ ಓದಬೇಕು. ತೂಕವೊಂದೇ ಆರೋಗ್ಯದ ಅಳತೆಯಲ್ಲ. ಒಂದು ಭಾಷೆಯ ಜನರೆಲ್ಲರದೂ ಒಂದೇ ಊಟವೆಂಬುದೂ ಸರಿಯಲ್ಲ; ಗುಂಡ್ಲುಪೇಟೆಯ ರಾಗಿ ಮುದ್ದೆಯೂ ಕರಾವಳಿಯ ಗಂಜಿಯೂ ಒಂದೇ ತಟ್ಟೆಯಲ್ಲಿ ಕೂರುವುದಿಲ್ಲ. ಆದರೆ ಆ ಕಾಲದ ಸೇನಾಧಿಕಾರಿಗಳು ಕೆಲವು ಕುಲಗಳು ಹುಟ್ಟಿನಿಂದಲೇ ವೀರರು, ಕೆಲವು ಹುಟ್ಟಿನಿಂದಲೇ ದುರ್ಬಲರು ಎಂದು ನಂಬಿದ್ದರು. ಒಂದೇ ಸಂತತಿಯ ಇಲಿಗಳು ಊಟ ಬದಲಾದೊಡನೆ ಬಲಿಷ್ಠವೂ ದುರ್ಬಲವೂ ಆದಾಗ ಆ ನಂಬಿಕೆಗೆ ಆಧಾರ ಉಳಿಯಲಿಲ್ಲ. ಕೊರತೆಯಿದ್ದುದು ಹಾಲು, ಸೊಪ್ಪು, ಕಾಳುಗಳಲ್ಲಿ. ಅದರ ಹಿಂದೆ ಇದ್ದುದು ಬಡತನ.

ಮೂತ್ರಾಂಗಗಳ ಕುರಿತ ಅವರ ಶೋಧವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೆಟ್ಟ ಆಹಾರ ತಿಂದ ಇಲಿಗಳ ಮೂತ್ರಪಿಂಡದಲ್ಲಿ ಕೀವು, ಉರಿಯೂತ, ಕಲ್ಲುಗಳು ಕಂಡುಬಂದವು. ಮೂತ್ರನಾಳದಲ್ಲಿಯೂ ಮೂತ್ರಕೋಶದಲ್ಲಿಯೂ ಕಲ್ಲು ಬೆಳೆದವು. ಆಗ ಪಂಜಾಬ್, ಸಿಂಧ್ ಪ್ರದೇಶಗಳಲ್ಲಿ ಬಡವರ ಮಕ್ಕಳಿಗೆ ಮೂತ್ರಕೋಶದಲ್ಲಿ ಕಲ್ಲಾಗುವುದು ಸಾಮಾನ್ಯವಾಗಿತ್ತು, ದಕ್ಷಿಣದಲ್ಲಿ ಅಪರೂಪ. ಗೋಧಿ ಹಿಟ್ಟೇ ಪ್ರಧಾನವಾಗಿ, ಹಾಲು ಬೆಣ್ಣೆಗಳಿಲ್ಲದೆ, ಎ ಜೀವಸತ್ವದ ಕೊರತೆಯಾಗಿ, ಸುಣ್ಣದ ಅಂಶ ಮಿತಿಮೀರಿದ ಆಹಾರವನ್ನು ಕೊಟ್ಟು ಕೂನೂರಿನಲ್ಲಿ ಅಂಥದೇ ಕಲ್ಲುಗಳನ್ನು ಅವರು ಉಂಟುಮಾಡಿ ತೋರಿಸಿದರು. ಆ ಊಟಕ್ಕೆ ಸಾಕಷ್ಟು ಹಾಲು ಸೇರಿಸಿದಾಗ ಕಲ್ಲು ಬೆಳೆಯಲಿಲ್ಲ. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಭಾರತದ ಕಲ್ಲುರೋಗದ ಕಾರಣಗಳ ಕುರಿತು ಅವರ ಲೇಖನ ಪ್ರಕಟವಾಯಿತು. ಏಳು ಊಟಗಳಲ್ಲಿ ಮೊದಲ ಸ್ಥಾನ ಪಡೆದದ್ದು ಗೋಧಿ ಮುಖ್ಯವಾದ ಊಟ. ಅದೇ ಗೋಧಿಯಿಂದ ಹಾಲು ತರಕಾರಿಗಳನ್ನು ಕಿತ್ತುಕೊಂಡರೆ ಕಲ್ಲಿನ ಊಟವಾಯಿತು. ಆದ್ದರಿಂದ ಅಕ್ಕಿ ಕೀಳು, ಗೋಧಿ ಮೇಲು ಎಂಬ ಸರಳ ಪಾಠವನ್ನು ಅವರ ಕೆಲಸದಿಂದ ತೆಗೆಯಲಾಗದು. ಇಂದು ದೊಡ್ಡವರಲ್ಲಿ ಕಾಣುವ ಮೂತ್ರಪಿಂಡದ ಕಲ್ಲಿಗೆ ನೀರು ಕಡಿಮೆ ಕುಡಿಯುವುದು, ಉಪ್ಪು ಹೆಚ್ಚು ತಿನ್ನುವುದು ಮುಂತಾದ ಬೇರೆ ಕಾರಣಗಳಿವೆ. ಆದರೂ ಕಲ್ಲಾದೊಡನೆ ಹಾಲನ್ನೇ ಬಿಟ್ಟುಬಿಡುವವರನ್ನು ಕಂಡಾಗ ನನಗೆ ಕೂನೂರಿನ ಇಲಿಗಳು ನೆನಪಾಗುತ್ತವೆ.

1928ರಲ್ಲಿ ಅವರು ಭಾರತದ ಶಾಲಾಕಾಲೇಜುಗಳಿಗಾಗಿ ಆಹಾರದ ಬಗ್ಗೆ ಒಂದು ಚಿಕ್ಕ ಪಠ್ಯಪುಸ್ತಕವನ್ನೇ ಬರೆದು ಪ್ರಕಟಿಸಿದರು. ಸಂಶೋಧನೆಯ ಫಲ ಮಕ್ಕಳಿಗೆ ತಲುಪಬೇಕೆಂಬ ಆಸೆ ಆ ಸೇನಾವೈದ್ಯರಿಗೆ ಇತ್ತು. 1933ರಲ್ಲಿ ಸರ್ ಪದವಿ ಬಂದಿತು. 1935ರಲ್ಲಿ ನಿವೃತ್ತರಾಗಿ ಕೂನೂರನ್ನು ಬಿಟ್ಟರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ತಮ್ಮ ಜೀವನದ ಶೋಧಗಳನ್ನೆಲ್ಲ ಒಟ್ಟುಗೂಡಿಸಿದರು. ಅವರ ನಂತರ ಬಂದ ಏಕ್ರಾಯ್ಡ್ ಅವರ ಕಾಲದಲ್ಲಿ, ಭಾರತದ ಆಹಾರ ಪದಾರ್ಥಗಳಲ್ಲಿ ಯಾವ ಸತ್ವ ಎಷ್ಟಿದೆಯೆಂಬ ಕೋಷ್ಟಕ 1937ರಲ್ಲಿ ಕೂನೂರಿನಿಂದ ಹೊರಬಂತು.

ಮೆಕ್ಯಾರಿಸನ್ ಅವರು ಕೂನೂರಿನಲ್ಲಿದ್ದಾಗ ರಕ್ತದೊತ್ತಡಕ್ಕೆ ನಂಬಬಹುದಾದ ಮಾತ್ರೆ ಜಗತ್ತಿನಲ್ಲಿಯೇ ಇರಲಿಲ್ಲ. ರಕ್ತದೊತ್ತಡ ಅವರ ಅಧ್ಯಯನದ ಕೇಂದ್ರವೂ ಆಗಿರಲಿಲ್ಲ. ಆದರೆ ಊಟಕ್ಕೂ ಒತ್ತಡಕ್ಕೂ ಮೂತ್ರಪಿಂಡಕ್ಕೂ ಇರುವ ಸಂಬಂಧ ಅವರ ಜೀವಿತಕಾಲದಲ್ಲಿಯೇ ಬಿಚ್ಚಿಕೊಳ್ಳತೊಡಗಿತು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು, ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ಒತ್ತಡವನ್ನು ಇಳಿಸುತ್ತದೆಂದು ಬರೆದರು. ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ ಅವರು 1949ರಲ್ಲಿ ಅದರ ಬಗ್ಗೆ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತು ಕಣ್ಣುತೆರೆಯಿತು. ಅದರ ಅಡ್ಡಪರಿಣಾಮಗಳಿಂದಾಗಿ ಇಂದು ಆ ಔಷಧ ಹಿಂದೆ ಸರಿದಿದೆ. ಬೇರನ್ನು ಕಿತ್ತು ಕಷಾಯ ಮಾಡುವ ಸಾಹಸ ಯಾರಿಗೂ ಬೇಡ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜರ್ಮನಿಯಿಂದ ಬಂದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು 1940ರ ದಶಕದಲ್ಲಿ, ಪ್ರಾಣಾಂತಿಕ ರಕ್ತದೊತ್ತಡ ಮತ್ತು ಮೂತ್ರಪಿಂಡ ರೋಗದಿಂದ ನರಳುವವರಿಗೆ ಉಪ್ಪಿಲ್ಲದ ಅನ್ನ ಮತ್ತು ಹಣ್ಣುಗಳನ್ನಷ್ಟೇ ಕೊಟ್ಟರು. ಅನೇಕರ ಒತ್ತಡ ಇಳಿಯಿತು, ಹಿಗ್ಗಿದ ಹೃದಯ ಕುಗ್ಗಿತು. ಕೂನೂರಿನ ಪಟ್ಟಿಯಲ್ಲಿ ಕೊನೆಯಲ್ಲಿದ್ದ ಊಟದ ಅನ್ನವೇ ಇಲ್ಲಿ ಔಷಧವಾಯಿತು! ಬೆಳೆಯುವ ಜೀವಕ್ಕೆ ಬೇಕಾದುದೂ ಸೋತ ಮೂತ್ರಪಿಂಡಕ್ಕೆ ಬೇಕಾದುದೂ ಒಂದೇ ಅಲ್ಲ. ಅಜ್ಜನಿಗೆ ವೈದ್ಯರು ಹೇಳಿದ ಪಥ್ಯವನ್ನು ಮೊಮ್ಮಗನಿಗೂ, ಮೊಮ್ಮಗನ ಪುಷ್ಟಿಯ ಊಟವನ್ನು ಅಜ್ಜನಿಗೂ ಬಡಿಸಬಾರದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಒತ್ತಡ ಏರಿದಾಗ ಅವು ಒಂದೊಂದಾಗಿ ಕೆಡುತ್ತವೆ, ರಕ್ತದ ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಮೂತ್ರಪಿಂಡ ಕೆಟ್ಟಷ್ಟೂ ಒತ್ತಡ ಇನ್ನಷ್ಟು ಏರುತ್ತದೆ. ನೋವಿಲ್ಲ, ಸೂಚನೆಯಿಲ್ಲ, ಕೂನೂರಿನ ಸೂಕ್ಷ್ಮದರ್ಶಕ ತೋರಿಸಿದ ಆ ಮೌನದ ಕೇಡು ಇದೇ ಜಾತಿಯದು. ಬ್ರೆಜಿಲ್ಲಿನ ಒಂದು ಹಾವಿನ ವಿಷದ ಅಧ್ಯಯನದಿಂದ 1970ರ ದಶಕದಲ್ಲಿ ರೂಪುಗೊಂಡ ಕ್ಯಾಪ್ಟೊಪ್ರಿಲ್, ಸಕ್ಕರೆಕಾಯಿಲೆಯಿಂದ ಕೆಡುವ ಮೂತ್ರಪಿಂಡದ ಅವನತಿಯನ್ನು ನಿಧಾನಗೊಳಿಸುತ್ತದೆಂದು 1993ರಲ್ಲಿ ಸಿದ್ಧವಾಯಿತು. ಅದರ ಬಳಗದ ಎನಲಾಪ್ರಿಲ್, ರಾಮಿಪ್ರಿಲ್, ಮತ್ತು ಹತ್ತಿರದ ಇನ್ನೊಂದು ಬಳಗದ ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಮಾತ್ರೆಗಳು ಇಂದು ನಮ್ಮ ಅನೇಕ ಮನೆಗಳಲ್ಲಿವೆ. ಇವು ಸೋಸುಕದೊಳಗಿನ ಒತ್ತಡವನ್ನೇ ತಗ್ಗಿಸುತ್ತವೆ. ಆದರೆ ಊಟದಲ್ಲಿ ಉಪ್ಪು ಹೆಚ್ಚಾದರೆ ಇವುಗಳ ಶಕ್ತಿ ಕುಂದುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ ಮಧ್ಯಾಹ್ನ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಸಂಜೆ ಪೊಟ್ಟಣದ ಕುರುಕಲು ತಿಂದರೆ ಮಾತ್ರೆ ಕೊಟ್ಟದ್ದನ್ನು ತಟ್ಟೆ ಕಿತ್ತುಕೊಳ್ಳುತ್ತದೆ.

ತಮಿಳುನಾಡಿನಲ್ಲಿ 2021ರಿಂದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯ ಮೂಲಕ ಒತ್ತಡದ ಮಾತ್ರೆ ಮನೆಬಾಗಿಲಿಗೇ ಬರುತ್ತಿರುವುದು ದೊಡ್ಡ ಉಪಕಾರ. ಬಂದ ಮಾತ್ರೆಯನ್ನು, ತಲೆ ಸುತ್ತುವುದು ನಿಂತಿತೆಂದು ಡಬ್ಬಿಯಲ್ಲಿಯೇ ಉಳಿಸಿಕೊಂಡ ಹಿರಿಯರನ್ನು ವಿದ್ಯಾರ್ಥಿಗಳ ಮನೆಗಳಲ್ಲಿ ಕಂಡಿದ್ದೇನೆ. ಮೊಣಕಾಲು ನೋವಿಗೆ ಅಂಗಡಿಯಿಂದ ತಾವೇ ತಂದ ಡೈಕ್ಲೋಫೆನಾಕ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರೂ ಇದ್ದಾರೆ. ಮೂತ್ರಪಿಂಡಕ್ಕೆ ಅದು ಅಪಾಯಕರ. ಸೋಡಿಯಂ ಕಡಿಮೆಯೆಂದು ಮಾರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರು, ಮೇಲೆ ಹೇಳಿದ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ವಾಂತಿಭೇದಿಯಾದ ದಿನ ಮಾತ್ರೆಯನ್ನು ಮುಂದುವರಿಸಬೇಕೇ ಎಂಬುದನ್ನೂ ಅವರಲ್ಲಿಯೇ ಕೇಳಬೇಕು. ಒತ್ತಡವಿರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಮಾತ್ರೆಯ ಹಾಳೆಯ ಮೇಲಿನ ಇಂಗ್ಲಿಷ್ ಹೆಸರನ್ನು ಅಜ್ಜಿಗೆ ಓದಿ ಹೇಳಿ, ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸವನ್ನು ನಮ್ಮ ಶಾಲೆಯ ಮಕ್ಕಳು ಮಾಡಬಲ್ಲರು, ಕೆಲವರು ಮಾಡುತ್ತಿದ್ದಾರೆ.

ನಿವೃತ್ತಿಯ ಬಳಿಕ ಮೆಕ್ಯಾರಿಸನ್ ಅವರು ಆಕ್ಸ್‌ಫರ್ಡ್‌ನಲ್ಲಿ ನೆಲೆಸಿ, ವೈದ್ಯರ ಸ್ನಾತಕೋತ್ತರ ಶಿಕ್ಷಣದ ಹೊಣೆಯನ್ನು 1955ರವರೆಗೆ ಹೊತ್ತರು. 1911ರಲ್ಲಿ ವಿವಾಹವಾಗಿದ್ದ ದಂಪತಿಗಳಿಗೆ ಮಕ್ಕಳಿರಲಿಲ್ಲ. ಅವರು ಕಟ್ಟಿದ ಪ್ರಯೋಗಾಲಯ 1950ರ ದಶಕದ ಅಂತ್ಯದಲ್ಲಿ ಕೂನೂರಿನಿಂದ ಹೈದರಾಬಾದಿಗೆ ವರ್ಗವಾಯಿತು. 1969ರಲ್ಲಿ ಅದೇ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಾಯಿತು. 1960ರ ಮೇ 18ರಂದು, 82ನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಮೆಕ್ಯಾರಿಸನ್ ನಿಧನರಾದರು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚದಷ್ಟು, ಮಿತಿ. ಈ ಲೆಕ್ಕದಲ್ಲಿ ನಾಲ್ವರ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನಕ್ಕಿಂತ ಮೊದಲು ಮುಗಿಯಬಾರದು. ಹೊರಗಿನ ತಿಂಡಿಯಲ್ಲಿ ಬರುವ ಉಪ್ಪು ಇದಕ್ಕೆ ಸೇರಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ, ಮನೆಯ ಉಪ್ಪಿನ ಪೊಟ್ಟಣ ಒಡೆದ ದಿನವನ್ನು ಅದರ ಮೇಲೆಯೇ ಬರೆದಿಡಲು ಹೇಳಿದ್ದೇನೆ.